ಹಬ್ಬದ ದಿನ ಕರಗಿಹೋದ ತುಣುಕು

ನೇಪಲ್ಸ್, ಸೆಪ್ಟೆಂಬರ್ 3

ಊರಿಗೆ ಊರೇ ರಜೆ ಹಾಕುವ ಆಗಸ್ಟ್ ಹದಿನೈದರ ಹಬ್ಬದ ದಿನ ಆಸ್ಪತ್ರೆಯವರು ನನ್ನ ತಮ್ಮ ರುಜೆರೊನ ಕ್ಯಾನ್ಸರ್ ಗೆಡ್ಡೆಯ ತುಣುಕನ್ನು ಹಾಳುಮಾಡಿದರು. ಅದನ್ನಿಟ್ಟಿದ್ದ ಫ್ರೀಜರ್ ಕೆಟ್ಟು ಅಲಾರಂ ಬಡಿದುಕೊಳ್ಳುತ್ತಿದ್ದಾಗ ಎಲ್ಲರೂ ಸಮುದ್ರತೀರದಲ್ಲಿದ್ದರು. ಆ ತುಣುಕಿನಿಂದಲೇ ಅವನ ಲಸಿಕೆ ತಯಾರಾಗಬೇಕಿತ್ತು. ವೈರಿಯ ಗುರುತು ಹಿಡಿಯುವುದನ್ನು ಅದು ಅವನ ಮೈಗೆ ಕಲಿಸಬೇಕಿತ್ತು. ಇನ್ನೊಮ್ಮೆ ಕೊಯ್ಯಿಸಿಕೊಳ್ಳುವ ಶಕ್ತಿ ಅವನಿಗಿಲ್ಲ.

"ನನ್ನ ಗೆಡ್ಡೆನೂ ರಜಾ ಹಾಕ್ತು ನೋಡಕ್ಕಾ," ಅಂದ ಇವತ್ತು. "ನನ್ನನ್ನ ಮಾತ್ರ ಕರ್ಕೊಂಡು ಹೋಗ್ಲಿಲ್ಲ."

"ಸುಮ್ನೆ ಕಲ್ಲಂಗಡಿ ತಿನ್ನೋ," ಅಂದೆ. ನಗಲಾಗಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ಮೂರರಲ್ಲಿ ಈ ಊರಿಗೆ ಕಾಲರಾ ಬಂದಾಗ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಲಸಿಕೆಯ ಸಾಲಿನಲ್ಲಿ ನಿಂತಿದ್ದೆ. ಆಗ ಸಿಕ್ಕಿತ್ತು. ಈ ಸಲ ನಾನು ನಿಲ್ಲಬಹುದಾದ ಸಾಲೇ ಇಲ್ಲ.

ಹಬ್ಬದ ದಿನ ಕಾವಲಿಗೆ ಯಾರಿದ್ದರು? ಆಸ್ಪತ್ರೆಯ ನಿರ್ದೇಶಕರು ನಿಮ್ಮ ಇದೇ ಪತ್ರಿಕೆಯಲ್ಲಿ ಹೆಸರು ಹಾಕಿ ಉತ್ತರಿಸಲಿ, ರುಜೆರೊ ಓದಬಲ್ಲವನಾಗಿರುವಾಗಲೇ.