ರಾಣಿ ಕಣ ಕತ್ತರಿಸದ ವರ್ಷ

ಬಾಳಗಡಿ, ಕೊಪ್ಪ
೧೮ ಫೆಬ್ರವರಿ ೨೦೨೫

ಮೊಮ್ಮಗಳು ತನ್ಮಯಿಗೆ ಆಶೀರ್ವಾದಗಳು.

ನಿನ್ನ ಅಜ್ಜಿ ತ್ರಿಪುರಸುಂದರಿ ಬರೆಯುವುದು. ಹನ್ನೊಂದು ಪೆಟ್ಟಿಗೆ ತುಡುವೆ ಜೇನು ಸಾಕಿದವಳು, ಜೇನು ಸಾಕುವ ಹೆಂಗಸರ ಸಂಘಕ್ಕೆ ಹದಿನಾಲ್ಕು ವರ್ಷ ಅಧ್ಯಕ್ಷೆಯಾಗಿದ್ದವಳು, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಂಬತ್ತೆಂಟು ಅಂಕ ತೆಗೆದವಳು. ನೀನು ಇದನ್ನೆಲ್ಲ ಮರೆತಿರಬಹುದೆಂದು ಬರೆದೆ. ಕೆಮ್ಮು ಇಳಿಯಿತೇ? ಪುಣೆಯ ಹಾಸ್ಟೆಲಿನಲ್ಲಿ ಬಿಸಿನೀರು ಕೊಡದಿದ್ದರೆ ಜಗಳ ಮಾಡಿ ಕೇಳು. ನನ್ನ ಮಂಡಿ ಹೇಗಿದೆಯೆಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ, ಚೆನ್ನಾಗಿದೆ.

ಡಿಸೆಂಬರಿನಲ್ಲಿ ನೀನು ಬಂದು, ಜೇನಿನ ಮೇಲಿನ ನಿನ್ನ ಸಂಶೋಧನೆಯ ಮೈಕು, ಯಂತ್ರಗಳನ್ನೆಲ್ಲ ಶೆಟ್ಟಿಕೊಪ್ಪಕ್ಕೆ, ನನ್ನ ಓರಗಿತ್ತಿ ಕಮಲಕ್ಕನ ಮನೆಗೆ ಹೊತ್ತುಕೊಂಡು ಹೋದ ದಿನದಿಂದ ನನ್ನ ಹೊಟ್ಟೆ ಉರಿಯುತ್ತಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯಲು ಹೆದರುವವಳು ಅವಳು. ಇರುವೆ ಹತ್ತಿದರೂ ನಾನೇ ಹೋಗಬೇಕು. ಮೊನ್ನೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು, "ಎಂತ ಅಕ್ಕಾ, ನಮ್ಮನೆ ಜೇನೆಲ್ಲ ಈಗ ಫಿಸಿಕ್ಸ್ ಮಾಡ್ತಾವೆ. ನಿಮ್ಮವು ಬರೀ ತುಪ್ಪ ಮಾಡ್ತಾವಾ?" ಎಂದಳು. ನಾನು ಅವಸರದಲ್ಲಿರುವವಳ ಹಾಗೆ ಶೃಂಗೇರಿ ಬಸ್ಸು ಹತ್ತಿಬಿಟ್ಟೆ. ಹರಿಹರಪುರದಲ್ಲಿ ಇಳಿದು ವಾಪಸು ಬರಬೇಕಾಯಿತು.

ನನ್ನ ಪೆಟ್ಟಿಗೆಗಳಿಗೆ ಏನಾಗಿತ್ತು ಎಂದು ಫೋನಿನಲ್ಲಿ ಕೇಳಿದ್ದಕ್ಕೆ ನೀನು ಸಮಾಧಾನದಿಂದಲೇ ವಿವರಿಸಿದೆ. ಜೇನಿನ ಸಂಸಾರ ದೊಡ್ಡದಾದಾಗ ಅರ್ಧ ಹುಳಗಳು ಹಳೆಯ ರಾಣಿಯೊಡನೆ ಹೊರಟು ಕೊಂಬೆಗೆ ಜೋತುಬೀಳುತ್ತವೆ. ಕೆಲವು ಜಾಗ ಹುಡುಕಿ ಬಂದು ಕುಣಿದು ತೋರಿಸುತ್ತವೆ. ಯಾರೂ ಅಪ್ಪಣೆ ಕೊಡುವುದಿಲ್ಲ, ರಾಣಿ ಕೂಡ. ಒಂದು ಜಾಗದ ಪರವಾಗಿ ಕುಣಿಯುವವು ಒಂದು ಸಂಖ್ಯೆ ದಾಟಿದ ಕೂಡಲೇ, ತಣ್ಣಗಾಗುತ್ತಾ ಬಂದ ನೀರು ಒಮ್ಮೆಲೇ ಮಂಜುಗಡ್ಡೆಯಾಗುವ ಹಾಗೆ, ಇಡೀ ಹಿಂಡಿನದು ಒಂದೇ ಮನಸ್ಸಾಗುತ್ತದೆ. ಆ ಗಳಿಗೆಗೆ ನೀನು ಸಮೀಕರಣ ಬರೆಯುತ್ತಿದ್ದೀ. ಕಡೆಗೆ ಹೇಳಿದೆ: "ಆದ್ರೆ ಅಜ್ಜಿ, ನಿಮ್ಮ ಜೇನು ಏನೂ ತೀರ್ಮಾನ ಮಾಡೂದೇ ಇಲ್ಲ. ಎಲ್ಲ ನೀವೇ ಮಾಡ್ತೀರಿ."

ಹೌದು. ಹೊಸ ರಾಣಿ ಹುಟ್ಟುವ ಮೇಣದ ಗೂಡು, ಅದೇ ಕಣ, ಎರಿಯ ಅಂಚಿನಲ್ಲಿ ಕಂಡರೆ ಕತ್ತರಿಸುತ್ತೇನೆ, ಹಿಂಡು ಒಡೆಯಬಾರದೆಂದು. ಮೂವತ್ತಾರು ವರ್ಷದಲ್ಲಿ ಒಂದೂ ಹಾರಿಹೋಗಿಲ್ಲ. ಸಂಘದಲ್ಲಿ ನನಗೆ ಹೆಸರು ಬಂದದ್ದೇ ಅದರಿಂದ. ಕಮಲಕ್ಕ ಕತ್ತರಿಸುವುದಿಲ್ಲ, ಸೋಮಾರಿತನದಿಂದ. ನಿನ್ನ ವಿಜ್ಞಾನಕ್ಕೆ ಆ ಸೋಮಾರಿತನವೇ ಬೇಕಾಯಿತಲ್ಲ! ಮೂರು ದಿನ ನಿನ್ನ ಫೋನು ಎತ್ತದಿದ್ದದ್ದು ಅದಕ್ಕೇ. ನೆಟ್‌ವರ್ಕ್ ಇರಲಿಲ್ಲವೆಂದು ನಿನ್ನಪ್ಪ ಹೇಳಿದ್ದು ಸುಳ್ಳು.

ಆಮೇಲೆ ಒಂದು ಪೆಟ್ಟಿಗೆಯ ಕಣ ಮುಟ್ಟದೆ ಬಿಟ್ಟೆ. ಕಳೆದ ಗುರುವಾರ ಹನ್ನೊಂದು ಗಂಟೆಗೆ ಹೊರಟವು, ಹಲಸಿನ ಕೊಂಬೆಗೆ ಜೋತುಬಿದ್ದವು. ಪಕ್ಕದ ಮನೆಯ ಸುಬ್ಬಯ್ಯ ಓಡಿಬಂದು, "ಬುಟ್ಟಿ ಹಿಡೀರಿ ಅಮ್ಮಾ, ಎಂತ ನೋಡ್ತಾ ಕೂತಿದೀರಿ!" ಎಂದು ಬೊಬ್ಬೆ ಹಾಕಿದ. ಬಾಯಿ ಮುಚ್ಚು, ಎಣಿಸುತ್ತಿದ್ದೇನೆ ಎಂದೆ. ಮೊದಲು ಮೂರು ದಿಕ್ಕಿಗೆ ಕುಣಿಯುತ್ತಿದ್ದವು. ಎರಡೂವರೆಯ ಹೊತ್ತಿಗೆ ಎರಡು ದಿಕ್ಕಿನವು ಸೋತು ಸುಮ್ಮನಾದವು. ಮೂರು ಹತ್ತಕ್ಕೆ ಇಡೀ ಗೊಂಚಲು ಎದ್ದು ನಮ್ಮೂರ ಕಾಲೇಜಿನ ಕಡೆ ಹೋಯಿತು. ಯಾರೂ ಹೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಸಿಟ್ಟು ಬರುತ್ತದೆಂದುಕೊಂಡಿದ್ದೆ. ಬರಲಿಲ್ಲ, ಕೂಸೇ. ಅವು ಕಾಣದಾದ ಮೇಲೂ ಅಲ್ಲೇ ನಿಂತಿದ್ದೆ.

ಒಂದೇ ಹಿಂಡು ನೋಡಿ ಸಮೀಕರಣ ಬರೆಯಲಾಗದು ಎಂಬಷ್ಟು ಗಣಿತ ನನಗೂ ಗೊತ್ತು.

ಶೃಂಗೇರಿಯ ತಾಯಿ ನಿನ್ನ ಪೆನ್ನಿನ ತುದಿಯಲ್ಲಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಜ್ಜಿ,
ತ್ರಿಪುರಸುಂದರಿ

ಮತ್ತೆ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಉಳಿದ ಪೆಟ್ಟಿಗೆಗಳಲ್ಲೂ ಈ ಸಲ ಕಣ ಕತ್ತರಿಸಿಲ್ಲ. ನಿನ್ನ ಮೈಕು ಕೂರಿಸಲು ಬಡಗಿ ಲಕ್ಷ್ಮೀಶನಿಂದ ಹನ್ನೊಂದು ಮುಚ್ಚಳಕ್ಕೂ ನಿನ್ನೆಯೇ ತೂತು ಕೊರೆಸಿ ಆಯಿತು. ಕಮಲಕ್ಕನ ಹತ್ತಿರ ಇರುವುದು ನಾಲ್ಕೇ.