ಕಪ್ಪಾದ ಸೊನ್ನೆಗಳು

ಮನೆ
ಗುರುವಾರ, ಸಂಜೆ ಐದೂವರೆ

ಪ್ರೀತಿಯ ತಮ್ಮಾ,

ಹಾಗಲ್ಲ ಕಣೋ, ನಿನ್ನೆ ನಾನು ಹೇಳಹೊರಟಿದ್ದೇ ಬೇರೆ. ಸಂಘದ ಕಚೇರಿಯಲ್ಲಿ ನಿನ್ನ ಬಿಡುಗಡೆಯ ಆ ಜೈಕಾರದ ನಡುವೆ ಯಾರ ಮಾತು ಯಾರಿಗೆ ಕೇಳಿಸುತ್ತದೆ? ಮೊದಲು ನಿನ್ನ ಬೆನ್ನುನೋವು ಹೇಗಿದೆ ಹೇಳು. ಎಂಟು ವರ್ಷ ಜೈಲಿನ ನೆಲದ ಮೇಲೆ ಮಲಗಿದವನಿಗೆ ಕಚೇರಿಯ ಬೆಂಚೂ ಸುಖವೇ ಇರಬಹುದು. ಆದರೂ ಅಣ್ಣನ ಮನೆಯಲ್ಲಿ ಮಂಚವಿತ್ತು. ನನ್ನ ಮಂಡಿಗಳು ಎಂದಿನಂತೆ ಮುಷ್ಕರ ಹೂಡಿವೆ.

ಬಾಗಿಲಾಚೆ ನಿಂತಿದ್ದ ಸಂಘದ ಹಳೆಯ ಗುಮಾಸ್ತನತ್ತ ಕೈ ತೋರಿಸಿ "ನನ್ನ ಹಿಡಿದುಕೊಟ್ಟೋನು ಅವನೇ" ಅಂದೆಯಲ್ಲ, ಅದರ ಬಗ್ಗೆ ಬರೆಯಬೇಕು ಎಂದೇ ಕೂತೆ. ಬರೆಯುತ್ತೇನೆ, ತಾಳು. ಅದಕ್ಕೂ ಮೊದಲು ಸಭೆಯಲ್ಲಿ ಒಬ್ಬ ಹುಡುಗಿ ಎದ್ದು "ಕ್ರಾಂತಿಕಾರಿ ಅಂದ್ರೆ ಯಾರು ಸಾರ್?" ಎಂದು ಕೇಳಿದಳು. ನೀನು ನಕ್ಕು ಸುಮ್ಮನಾದೆ. ಅದಕ್ಕೂ ಚಪ್ಪಾಳೆ! ನಾನು ನಕ್ಕು ಸುಮ್ಮನಾದರೆ, ಮುದುಕನಿಗೆ ಕಿವಿ ಮಂದ ಅನ್ನುತ್ತಾರೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಇದಕ್ಕೊಂದು ಡೆಫಿನಿಷನ್ ಬರೆಸಿದ್ದರು: 'ಎ ರೆವಲ್ಯೂಷನರಿ ಈಸ್ ಎ ಮ್ಯಾನ್ ದಟ್...' ಮುಂದಿನದು ಮರೆತೇಹೋಗಿದೆ. ಮ್ಯಾನ್ ಅನ್ನುವಷ್ಟರಲ್ಲೇ ತಪ್ಪಿತ್ತು ಅಂತ ಈಗ ಅನ್ನಿಸುತ್ತದೆ.

ನಿನ್ನತ್ತಿಗೆ ಇದ್ದಿದ್ದರೆ ನಿನ್ನೆ ಮೊದಲ ಸಾಲಿನಲ್ಲಿ ಕೂತಿರುತ್ತಿದ್ದಳು. ಹೊಟ್ಟೆಕಿಚ್ಚು ಅನ್ನು, ಪರವಾಗಿಲ್ಲ. ಟೈಪಿಂಗ್ ಕಲಿ ಎಂದು ನಾನು ಗೋಗರೆದಾಗೆಲ್ಲ "ನಿಮ್ಮ ಸಾಹೇಬರ ಕಾಗದ ನನಗ್ಯಾಕ್ರೀ?" ಅಂದವಳು, ನೀನು ಕರಪತ್ರ ತಂದ ವಾರದಲ್ಲೇ ನನ್ನ ಮಷೀನಿನ ಮುಂದೆ ಕೂತು ಕಲಿತಳು. ರಿಬ್ಬನ್ ತೆಗೆದು, ಪ್ರತಿಗಳನ್ನು ಅಚ್ಚುಹಾಕುವ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಮೆಲ್ಲಗೆ ಹೊಡೆಯಬೇಕು. ಬಲವಾಗಿ ಹೊಡೆದರೆ ಅನುಸ್ವಾರದ ಸೊನ್ನೆಯ ನಡುಭಾಗ ಉದುರಿ, ಅಚ್ಚಿನಲ್ಲಿ ಕಪ್ಪು ಬೊಟ್ಟು ಮೂಡುತ್ತದೆ. ಅವಳೋ ಹಿಟ್ಟು ನಾದುವ ಹಾಗೆ ಕುಟ್ಟುತ್ತಿದ್ದಳು. ನಿನ್ನ ಕರಪತ್ರದಲ್ಲಿ ಒಂದು ಸೊನ್ನೆಯೂ ಸೊನ್ನೆಯಾಗಿ ಉಳಿಯಲಿಲ್ಲ. ಬೊಟ್ಟುಗಳನ್ನು ನೋಡಿ ಅತ್ತಿಗೆ-ಮೈದುನ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದಿರಿ. ನಾನು ಪಕ್ಕದ ಕೋಣೆಯಲ್ಲಿ ಪೇಪರಿನ ಒಂದೇ ಪುಟವನ್ನು ಗಂಟೆಗಟ್ಟಲೆ ಓದುತ್ತಿದ್ದೆ. ಇಪ್ಪತ್ತು ವರ್ಷ ಆಫೀಸಿನಲ್ಲಿ ಒಂದು ಸೊನ್ನೆಯನ್ನೂ ಕೆಡಿಸದ ನನ್ನ ಕೈಯನ್ನು ನೋಡಿ ಅವಳು ಒಮ್ಮೆಯೂ ನಗಲಿಲ್ಲ, ಹೊಗಳಲೂ ಇಲ್ಲ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗಲೂ ಕೇಳುತ್ತಿದ್ದುದು "ಮೈದುನಂದು ಕಾಗದ ಬಂತಾ?" ಎಂದೇ.

ಬೆಳಕು ಇಳಿಯುತ್ತಿದೆ, ಬರೆದ ಸಾಲೇ ಕಾಣುತ್ತಿಲ್ಲ. ನಿಲ್ಲಿಸುತ್ತೇನೆ. ನೂರು ಕಾಲ ಬಾಳು.

ನಿನ್ನ
ಅಣ್ಣ

ಮರೆತೆ: ಗುಮಾಸ್ತ ಏನೂ ಮಾಡಿಲ್ಲ, ಪಾಪ; ನಾಳೆಯೇ ಅವನ ಕ್ಷಮೆ ಕೇಳು. ಇನ್‌ಸ್ಪೆಕ್ಟರ್ ಕರಪತ್ರ ಹಿಡಿದು ಮನೆಗೆ ಬಂದಾಗ, ನಿನ್ನತ್ತಿಗೆಯ ಕೈಯ ಆ ಬೊಟ್ಟುಗಳನ್ನು ಕಣ್ಣಾರೆ ಕಂಡೂ "ಇದು ನನ್ನ ತಮ್ಮ ಟೈಪ್ ಮಾಡಿದ್ದು" ಅಂದವನು ನಾನು. ಅವಳನ್ನು ಉಳಿಸಲು ಹಾಗಂದೆ ಎಂದು ಅವಳಿಗೆ ಹೇಳಿದೆ. ಅದು ಅರ್ಧ ನಿಜ. ಇನ್ನರ್ಧ, ನಿಮ್ಮ ಆ ನಗು ನಿಲ್ಲಲಿ ಎಂದು. ನಿಂತಿತು. ಅವಳು ನಿನಗೆ ತಿಳಿಸಲಿಲ್ಲ. ನಾನೇ ಬರೆಯಲಿ ಎಂದು ಕೊನೆಯವರೆಗೂ ಕಾದಳು. ಓದಿದ ಮೇಲೂ ಬರುವ ಮನಸ್ಸಿದ್ದರೆ ಬಾ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ.