ಮೂವತ್ತೇಳನೆಯ ಸಾಲು ಮತ್ತು ನಿಮ್ಮ ಘೋಷಣಾಪತ್ರ

ಪರೀಕ್ಷಾ ನಿಯಂತ್ರಕರಾದ ಮಾನ್ಯರೇ,

ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಪದವಿಗೆ ನೀವು ಕೇಳಿದ್ದನ್ನೆಲ್ಲ ಕೊಟ್ಟಿದ್ದೇನೆ. ಹದಿನಾರು ಪತ್ರಿಕೆ, ಶೇಕಡಾ ಎಪ್ಪತ್ತೈದು ಹಾಜರಾತಿ, ಮೂರು ಪ್ರತಿ ಪ್ರಾಜೆಕ್ಟ್ ವರದಿ. ಉಳಿದಿರುವುದು ಒಂದು ಸಹಿ, 'ಸಂಗ್ರಹಿಸಿದ ಯಾವ ಮಾಹಿತಿಯನ್ನೂ ಕೈಬಿಟ್ಟಿಲ್ಲ' ಎನ್ನುವ ಘೋಷಣಾಪತ್ರದ ಕೆಳಗೆ. ಅದು ನನ್ನಿಂದ ಆಗುತ್ತಿಲ್ಲ. ಏಕೆಂದರೆ ಕೈಬಿಟ್ಟಿದ್ದೇನೆ. ನಿಮ್ಮದೇ ವಿಭಾಗ ಕೈಬಿಡಿಸಿದೆ.

ನನ್ನ ವಿಷಯ, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಮೊದಲ ಹತ್ತು ದಿನಗಳ ತೂಕ. ಹೆರಿಗೆ ಆಸ್ಪತ್ರೆಯ ವಾರ್ಡಿನಲ್ಲಿ ಅರವತ್ತೊಂದು ಮಕ್ಕಳನ್ನು ನಾನೇ ತೂಗಿದೆ. ಮೂವತ್ತೇಳನೆಯದು ಹೆಣ್ಣು. ಹುಟ್ಟಿದಾಗ ಒಂದು ಕಿಲೋ ನಾನ್ನೂರ ಹತ್ತು ಗ್ರಾಂ. ಮರುದಿನದಿಂದ ಇಳಿಯುತ್ತಲೇ ಹೋಯಿತು. ತಾಯಿ ಗೋಡೆ ಹಿಡಿದುಕೊಂಡು ಬಂದು ತಕ್ಕಡಿಯ ಪಕ್ಕ ನಿಲ್ಲುತ್ತಿದ್ದಳು.

"ಎಷ್ಟಾಯ್ತಕ್ಕಾ?"

"ಪರವಾಗಿಲ್ಲಮ್ಮ."

ನಾಲ್ಕು ದಿನ ಇದೇ ಉತ್ತರ ಕೊಟ್ಟೆ. ಆರನೆಯ ದಿನ ಹೋದಾಗ ಮಗುವಿನ ಜಾಗ ಖಾಲಿ. ಅವಳು ಚೀಲ ಮಡಿಲಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದಳು. "ಹೆಸರೂ ಇಟ್ಟಿರ್ಲಿಲ್ಲ. ನಿಮ್ಮ ಪುಸ್ತಕದಲ್ಲಿ ಬರ್ಕೊಂಡಿದ್ದೀರಲ್ಲ ಅಕ್ಕಾ, ಅಲ್ಲಾದ್ರೂ ಇರ್ತಾಳೆ ಬಿಡಿ," ಅಂದಳು.

ಇರ್ತಾಳೆ, ಅಂದೆ.

ಮಾರ್ಗದರ್ಶಕರು ನನ್ನ ನಕ್ಷೆ ನೋಡಿ ಮುಖ ಸಿಂಡರಿಸಿದರು. "ಈ ಒಂದು ಗೆರೆ ಇಡೀ ಗ್ರಾಫ್ ಕೆಡಿಸ್ತಿದೆಯಲ್ಲಮ್ಮ. ತೆಗೆದುಹಾಕು. ನಿಯಮಕ್ಕೆ ಅರವತ್ತು ಸಾಕು."

"ಸರ್, ಅದು ತೀರಿಹೋದ ಮಗು."

"ಅದಕ್ಕೇ ಹೇಳ್ತಿರೋದು, ಹತ್ತು ದಿನ ಪೂರ್ತಿ ಆಗಿಲ್ಲ ಅಂತ."

ಎಂಥ ಅನುಕೂಲ ನೋಡಿ! ಒಂದು ಮಗು ಸಾಯುವುದಕ್ಕೂ ನಿಮ್ಮ ನಿಯಮದಲ್ಲಿ ಜಾಗವಿತ್ತು. ಕಂಪ್ಯೂಟರಿನಲ್ಲಿ ಆ ಸಾಲು ಅಳಿಸುವ ಗುಂಡಿ ಒತ್ತಿದೆ. ಮೂವತ್ತೆಂಟನೆಯ ಮಗು ಮೇಲೆ ಸರಿದು ಮೂವತ್ತೇಳಾಯಿತು. ಗೆರೆಗಳೆಲ್ಲ ಶಿಸ್ತಾಗಿ ಮೇಲಕ್ಕೆ ಹೋದವು. ಮೌಖಿಕ ಪರೀಕ್ಷೆಯಲ್ಲಿ ನನಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಅಳತೆ ತಪ್ಪಿದ್ದರೆ ಮಾತ್ರ ಸಾಲು ತೆಗೆಯಬಹುದು ಎಂದು ಪಾಠ ಮಾಡಿದವರೂ ನೀವೇ. ದಿನಾ ಬೆಳಿಗ್ಗೆ ಒಂದು ಕಿಲೋ ತೂಕದ ಕಲ್ಲಿಟ್ಟು ಪರೀಕ್ಷಿಸುತ್ತಿದ್ದೆ. ನನ್ನ ತಕ್ಕಡಿ ಸರಿಯಿತ್ತು, ಮಾನ್ಯರೇ.

ಈಗ ನನಗೂ ನಾಲ್ಕು ತಿಂಗಳ ಮಗಳಿದ್ದಾಳೆ. ಚೆನ್ನಾಗಿದ್ದಾಳೆ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಆದರೂ ದಿನಕ್ಕೆ ಮೂರು ಸಲ ತೂಗುತ್ತೇನೆ. "ಇವಳೇನು ತರಕಾರಿನಾ, ಹೊತ್ತುಹೊತ್ತಿಗೆ ತೂಗೋಕೆ?" ಎಂದು ಅತ್ತೆ ರೇಗಿಸುತ್ತಾರೆ. ಗಂಡ ತಕ್ಕಡಿಯನ್ನು ಅಟ್ಟಕ್ಕೆ ಹಾಕಿದರು. ಸ್ಟೂಲ್ ಹತ್ತಿ ಇಳಿಸಿಕೊಂಡೆ. ನೆಟ್ಟಗೆ ನಿದ್ದೆ ಮಾಡಿ ಎಷ್ಟು ವಾರವಾಯಿತೋ. ಹಾಡುಹಗಲಲ್ಲೇ, ಮಗಳನ್ನು ತಕ್ಕಡಿಯಲ್ಲಿ ಮಲಗಿಸಿದ ಕೂಡಲೇ, ಪಕ್ಕದಲ್ಲಿ ಯಾರೋ ಗೋಡೆ ಹಿಡಿದು ನಿಂತ ಹಾಗಾಗುತ್ತದೆ. ಎಷ್ಟಾಯ್ತಕ್ಕಾ? ತಿರುಗಿ ನೋಡುವ ಧೈರ್ಯ ನನಗಿಲ್ಲ.

ಮಗಳನ್ನೆತ್ತಿಕೊಂಡು ನಿಮ್ಮ ಕಚೇರಿಗೂ ಬಂದೆ. ವರದಿ ತಿದ್ದಿಕೊಡುತ್ತೇನೆ ಎಂದೆ. ಕೌಂಟರಿನ ಗುಮಾಸ್ತರು ಕನಿಕರದಿಂದಲೇ ಹೇಳಿದರು: "ಅನುಮೋದನೆ ಆಗಿರೋ ವರದಿ ಮುಟ್ಟೋ ಹಾಗಿಲ್ಲ ಮೇಡಂ. ಸಹಿ ಹಾಕ್ಬಿಡಿ, ಇದನ್ನೆಲ್ಲ ಯಾರು ಓದ್ತಾರೆ?" ಯಾರೂ ಓದದ ಕಾಗದಕ್ಕೆ ಸಹಿ ಯಾತಕ್ಕೆ ಸ್ವಾಮಿ? ಸುಳ್ಳು ಹೇಳಿದರೆ ಪದವಿ. ನಿಜ ಹೇಳಿದರೆ ತಿಂಗಳ ಕೊನೆಗೆ ನೋಂದಣಿ ರದ್ದು. ಎರಡು ವರ್ಷ ನೀವು ಕಲಿಸಿದ ಶಾಸ್ತ್ರ ಇದೇ ಏನು?

ಅರವತ್ತೊಂದು ಸಾಲುಗಳ ವರದಿಯನ್ನು ಸ್ವೀಕರಿಸಿ. ಇಷ್ಟೇ ನನ್ನ ಬೇಡಿಕೆ. ಗ್ರಾಫ್ ಕೆಡಲಿ, ಅಂಕ ಇಳಿಯಲಿ. ಒಂದು ಗೆರೆ ಕೆಳಗಿಳಿಯುತ್ತಾ ಬಂದು ಐದನೆಯ ದಿನಕ್ಕೆ ನಿಲ್ಲಲಿ. ಆ ಕ್ಷಣವೇ ಸಹಿ ಹಾಕುತ್ತೇನೆ. ಆಗುವುದಿಲ್ಲವೆಂದರೆ ಪದವಿ ನಿಮ್ಮಲ್ಲೇ ಇರಲಿ. ಆದರೆ ಆ ತಾಯಿ ಎಂದಾದರೂ ನಿಮ್ಮ ಕೌಂಟರಿಗೆ ಬಂದು ಕೇಳಿದರೆ, ದಯವಿಟ್ಟು ಪರವಾಗಿಲ್ಲಮ್ಮ ಅನ್ನಬೇಡಿ. ಐದನೆಯ ದಿನ ಒಂದು ಕಿಲೋ ನೂರ ಎಂಬತ್ತು ಗ್ರಾಂ ಎಂದು ಹೇಳಿ.

ಇಂತಿ,
ಒಂದು ಸಹಿಯಷ್ಟೇ ಬಾಕಿ ಉಳಿಸಿಕೊಂಡ ನಿಮ್ಮ ವಿದ್ಯಾರ್ಥಿನಿ